ಅಂಗಡಿ ಮುಂದಿನ ರಸ್ತೆ ಯಾವ ದರ್ಜೆಯದು? 69, 150ಎ ನಂಬರ್ ಹಿಂದಿರೋ ಲೆಕ್ಕ

ಹುಳಿಯಾರು: ಇಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿ ಕೂಡುತ್ತವೆ. ಹೊನ್ನಾವರದಿಂದ ಶಿವಮೊಗ್ಗ, ಬಾಣಾವರದ ಮೇಲೆ ಬಂದು ಶಿರಾ ಕಡೆ ಹೋಗೋದು 69. ಜೇವರ್ಗಿಯಿಂದ ಬಳ್ಳಾರಿ, ಹಿರಿಯೂರು ದಾಟಿ ಚಿಕ್ಕನಾಯಕನಹಳ್ಳಿ ಮೇಲೆ ಚಾಮರಾಜನಗರಕ್ಕೆ ಇಳಿಯೋದು 150ಎ. ಜನರ ಬಾಯಲ್ಲಿ ಈಗಲೂ ಶಿರಾ ರೋಡು, ಹಿರಿಯೂರು ರೋಡು ಅಷ್ಟೆ. ಆದರೆ ಕಟ್ಟಡಕ್ಕೆ ಎಷ್ಟು ಜಾಗ ಬಿಡಬೇಕು, ಜಾಗ ಹೋದರೆ ಯಾರನ್ನ ಕೇಳಬೇಕು ಅನ್ನೋದೆಲ್ಲ ನಿಂತಿರೋದು ರಸ್ತೆಯ ದರ್ಜೆ ಮೇಲೆ.

ಈಗಿನ ನಂಬರ್ ಪದ್ಧತಿ 2010ರದ್ದು. ಉತ್ತರ-ದಕ್ಷಿಣ ಹೋಗುವ ಹೆದ್ದಾರಿಗೆ ಸಮಸಂಖ್ಯೆ; ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಏರುತ್ತೆ. ಬಂಗಾಳಕೊಲ್ಲಿ ದಂಡೆಯಲ್ಲಿ 16, ಚಿಕ್ಕಬಳ್ಳಾಪುರದಲ್ಲಿ 44, ತುಮಕೂರು-ಶಿರಾದಲ್ಲಿ 48, ಉಡುಪಿ-ಕಾರವಾರದಲ್ಲಿ 66. ಪೂರ್ವ-ಪಶ್ಚಿಮದ್ದಕ್ಕೆ ಬೆಸಸಂಖ್ಯೆ, ದಕ್ಷಿಣಕ್ಕೆ ಇಳಿದಂತೆ ಹೆಚ್ಚುತ್ತೆ. ಹೊನ್ನಾವರದ್ದು 69, ಮಂಗಳೂರಿಂದ ಚಾರ್ಮಾಡಿ ಹತ್ತೋದು 73, ಶಿರಾಡಿ ಹತ್ತೋದು 75. ಮೂರು ಅಂಕಿ ಇದ್ದರೆ ಅದು ಕವಲು, ಕೊನೆಯ ಎರಡು ಅಂಕಿ ತಾಯಿ ಹೆದ್ದಾರಿಯದು. ಹಾಗಾಗಿ 150ಎ ಅಂದರೆ ಕಲಬುರಗಿ, ವಿಜಯಪುರ, ಚಿತ್ರದುರ್ಗದ 50ರ ಬಳಗ.

ಗೊಂದಲ ಇರೋದು ಹಳೇ ನಂಬರಿನಲ್ಲಿ. ಹಿಂದೆ 48 ಅಂದರೆ ಬೆಂಗಳೂರು-ಮಂಗಳೂರು ರಸ್ತೆ. ಈಗ ಅದೇ ನಂಬರು ಹಳೇ 4ಕ್ಕೆ, ಅಂದರೆ ಪುಣೆ ರಸ್ತೆಗೆ ಬಂದಿದೆ. ತಿಪಟೂರಿನವರ 206ರಲ್ಲಿ ಒಂದು ಭಾಗ 69 ಆಯಿತು, ಅರಸೀಕೆರೆ-ತುಮಕೂರು ಭಾಗ 73 ಆಯಿತು. ಹಳೇ ಕ್ರಯಪತ್ರದ ಚಕ್ಕುಬಂದಿಯಲ್ಲಿ ಹೆದ್ದಾರಿ ನಂಬರ್ ಇದ್ದರೆ ಮೊದಲು ಇಸವಿ ನೋಡಬೇಕು.

ರಾಷ್ಟ್ರೀಯ ಹೆದ್ದಾರಿ ಕೆಳಗೆ ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರೆ ಜಿಲ್ಲಾ ರಸ್ತೆ, ಗ್ರಾಮ ರಸ್ತೆ. 1943ರ ನಾಗ್ಪುರ ಯೋಜನೆ ಹಾಕಿದ ಮೆಟ್ಟಿಲು ಇದು. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಬಯಲು ಸೀಮೆಯ ಖಾಲಿ ಜಾಗದಲ್ಲಿ ಈ ಎರಡಕ್ಕೂ ಮಧ್ಯದಿಂದ ಆಚೆ ಈಚೆ 40 ಮೀಟರ್, ಜಿಲ್ಲಾ ಮುಖ್ಯ ರಸ್ತೆಗೆ 25 ಮೀಟರ್ ಕಟ್ಟಡ ರೇಖೆ ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡ ಹೇಳುತ್ತೆ.

ದರ್ಜೆ ಎಷ್ಟು ದುಡ್ಡಿನ ವಿಷಯ ಅನ್ನೋದು ಬಾರ್ ಮಾಲೀಕರಿಗೆ 2017ರಲ್ಲೇ ಗೊತ್ತಾಯಿತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಗೆ ಮಾತ್ರ. ಜನಸಂಖ್ಯೆ 20 ಸಾವಿರ ಮೀರದ ಊರಿಗೆ ಅದು 220 ಮೀಟರ್ ಆಯಿತು. ಜಿಲ್ಲಾ ರಸ್ತೆ ಅದರಲ್ಲಿ ಇರಲಿಲ್ಲ. ಕೂಡಲೇ ಹಲವು ರಾಜ್ಯಗಳು ಹೆದ್ದಾರಿಗಳ ದರ್ಜೆಯನ್ನೇ ಇಳಿಸಲು ಹೊರಟವು. ರಸ್ತೆ ಅದೇ, ಡಾಂಬರು ಅದೇ, ಕಾಗದ ಮಾತ್ರ ಬೇರೆ.

ಸಣ್ಣ ಅಂಗಡಿಯವರಿಗೆ ಆ ಶಕ್ತಿ ಇಲ್ಲ. ಅವರ ಕೈಲಿರೋದು ದಿನಾಂಕ. ರಾಷ್ಟ್ರೀಯ ಹೆದ್ದಾರಿಗೆ ಜಾಗ ಬೇಕಾದರೆ 1956ರ ಕಾಯ್ದೆಯ 3ಎ ಅಧಿಸೂಚನೆ ಬರುತ್ತೆ, ಅದರ ಸಾರಾಂಶ ಪತ್ರಿಕೆಯಲ್ಲೂ ಬರಬೇಕು. ಗೆಜೆಟ್‌ನಲ್ಲಿ ಪ್ರಕಟವಾದ 21 ದಿನದೊಳಗೆ ಭೂಸ್ವಾಧೀನ ಅಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಅದರಲ್ಲಿ ಕಾಣೋದು ಅಂಗಡಿ ಹೆಸರಲ್ಲ, ಸರ್ವೆ ನಂಬರು.