ಲೆನ್ಸ್ ಅಮೆರಿಕಕ್ಕೆ ಯಾಕೆ ಹೋಗಬೇಕು? ಅದರ ಮೋಟಾರ್ ಇಲ್ಲಿಗೆ ಬರಬಾರದೇ?

ಶ್ರೀರಾಮನಗರದಲ್ಲಿ ನನಗೆ ಪರಿಚಯದ ಅಣ್ಣ ಒಬ್ಬರಿದ್ದಾರೆ. ಮದುವೆ ಫೋಟೋ ತೆಗೆಯೋದೇ ಅವರ ಕಸುಬು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮದುವೆ, ಸೀಮಂತ, ಗೃಹಪ್ರವೇಶ ಎಲ್ಲಾ ಅವರೇ. ಮದುವೆ ಸೀಜನ್ ಇನ್ನೇನು ಶುರುವಾಗಬೇಕು ಅನ್ನುವಾಗ ಅವರ ದೊಡ್ಡ ಲೆನ್ಸ್ ಕೆಟ್ಟಿತು. ಫೋಕಸ್ ಹಿಡಿಯುತ್ತಿರಲಿಲ್ಲ, ಒಳಗೆ ಕಟಕಟ ಸದ್ದು.

ಆ ಲೆನ್ಸ್ ಅಮೆರಿಕದಲ್ಲಿರುವ ಸಂಬಂಧಿಕರು ರಜೆಗೆ ಬಂದಾಗ ತಂದುಕೊಟ್ಟದ್ದು. ಇಲ್ಲಿಗಿಂತ ಅಗ್ಗ ಸಿಕ್ಕಿತ್ತು. ಬೆಂಗಳೂರಿನ ಒಂದು ಸರ್ವಿಸ್ ಸೆಂಟರ್‌ಗೆ ಕಳಿಸಿದರೆ, "ಇದು ಇಂಡಿಯಾದಲ್ಲಿ ಮಾರಿದ ಮಾಲಲ್ಲ, ಇಲ್ಲಿ ವಾರಂಟಿ ನಡೆಯಲ್ಲ, ಇದರ ಮೋಟಾರೂ ನಮ್ಮಲ್ಲಿಲ್ಲ" ಅಂತ ವಾಪಸ್ ಕಳಿಸಿದರು. ಬರೆದು ಏನೂ ಕೊಡಲಿಲ್ಲ. ಕೊನೆಗೆ ಅಣ್ಣ ಅದನ್ನು ಅಮೆರಿಕಕ್ಕೇ ಕೊರಿಯರ್ ಮಾಡಿದರು. ಅಲ್ಲಿ ರಿಪೇರಿ ಆಯಿತು. ವಾಪಸ್ ಬರುವಾಗ ಕಸ್ಟಮ್ಸ್‌ನಲ್ಲಿ ನಿಂತಿತು.

ಡಬ್ಬಿಯ ಮೇಲೆ ಲೆನ್ಸಿನ ಪೂರ್ತಿ ಬೆಲೆ ಬರೆದಿತ್ತು. ಇದು ಇಲ್ಲಿಂದಲೇ ರಿಪೇರಿಗೆ ಹೋದ ಹಳೇ ಲೆನ್ಸ್ ಅಂತ ತೋರಿಸಲು ಅಣ್ಣನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಹೊರದೇಶದಿಂದ ಹೊಸದಾಗಿ ಬಂದ ಮಾಲಿಗೆ ಹಾಕುವಂತೆ ತೆರಿಗೆ ಹಾಕಿದರು. ಅಣ್ಣ ಕಟ್ಟಿದರು. ಅಷ್ಟರಲ್ಲಿ ಸೀಜನ್ ಅರ್ಧ ಮುಗಿದಿತ್ತು, ಅಷ್ಟೂ ದಿನ ಬಾಡಿಗೆ ಲೆನ್ಸಿನಲ್ಲಿ ದುಡಿದಿದ್ದರು. "ಹೋಗೋ ಖರ್ಚು, ಬರೋ ಖರ್ಚು, ರಿಪೇರಿ, ತೆರಿಗೆ, ಬಾಡಿಗೆ ಎಲ್ಲಾ ಕೂಡಿಸಿದ್ರೆ ಒಂದು ಸೆಕೆಂಡ್ ಹ್ಯಾಂಡ್ ಲೆನ್ಸೇ ಬರ್ತಿತ್ತಲ್ಲ ತಮ್ಮಾ" ಅಂದರು.

ಕಾಗದದ ವಿಷಯದಲ್ಲಿ ಅಣ್ಣನದ್ದೂ ತಪ್ಪಿದೆ. ನಿಮ್ಮಲ್ಲಿ ಯಾರಿಗೂ ಆ ತಪ್ಪು ಆಗಬಾರದು ಅಂತ ಮೊದಲು ಅದನ್ನೇ ಹೇಳುತ್ತೇನೆ.

ರಿಪೇರಿಗೆ ಹೊರದೇಶಕ್ಕೆ ಹೋಗಿ ಬರುವ ವಸ್ತುವಿಗೆ ಕೇಂದ್ರ ಸರ್ಕಾರದ ಬೇರೆ ನಿಯಮವೇ ಇದೆ. 2017ರ ಜೂನ್ 30ರಂದು ಹೊರಡಿಸಿದ ಕಸ್ಟಮ್ಸ್ ಅಧಿಸೂಚನೆ, ನಂಬರ್ 45. ಅದರ ಪ್ರಕಾರ ತೆರಿಗೆ ಲೆಕ್ಕ ಹಾಕುವುದು ವಸ್ತುವಿನ ಪೂರ್ತಿ ಬೆಲೆಯ ಮೇಲಲ್ಲ. ರಿಪೇರಿ ಖರ್ಚು, ಅದಕ್ಕೆ ಹಾಕಿದ ಸಾಮಾನು, ಹೋಗಿ ಬರುವ ಸಾಗಣೆ ಮತ್ತು ವಿಮೆ, ಇಷ್ಟರ ಮೇಲೆ ಮಾತ್ರ. ಷರತ್ತು ಮೂರು: ಹೋದ ವಸ್ತುವೇ ವಾಪಸ್ ಬರಬೇಕು, ಮಾಲೀಕ ಬದಲಾಗಿರಬಾರದು, ಮೂರು ವರ್ಷದೊಳಗೆ ಬರಬೇಕು.

ಹೋದದ್ದೇ ಬಂತು ಅಂತ ತೋರಿಸುವುದು ಸೀರಿಯಲ್ ನಂಬರ್. ಹಾಗಾಗಿ ಕಳಿಸುವ ಮೊದಲು ಆ ನಂಬರ್ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಕೊರಿಯರ್‌ನವರನ್ನು ಮೊದಲೇ ಕೇಳಿ: "ರಿಪೇರಿ ಮಾಡಿಸಿ ವಾಪಸ್ ತರಲು ಕಳಿಸ್ತಿದ್ದೀನಿ, ಶಿಪ್ಪಿಂಗ್ ಬಿಲ್‌ನಲ್ಲಿ ಹಾಗೇ ಬರೆಸಿ, ಸೀರಿಯಲ್ ನಂಬರೂ ಹಾಕಿಸ್ತೀರಾ?" ಆಗಲ್ಲ ಅಂದರೆ ಬೇರೆಯವರನ್ನು ಹುಡುಕಿ. ರಿಪೇರಿ ಮಾಡಿದವರ ಬಿಲ್ಲಿನಲ್ಲೂ ಅದೇ ನಂಬರ್ ಇರಲಿ. ಸಂಬಂಧಿಕರ ಕೈಯಲ್ಲಿ ಕಳಿಸುವುದಾದರೆ, ಅವರು ವಿಮಾನ ಹತ್ತುವ ಮೊದಲು ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ವಸ್ತು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಬಹುದು. ಗಿಫ್ಟ್ ಅಂತ ಸುಳ್ಳು ಬರೆಸಿದರೆ ಮುಂದೆ ನಿಮಗೇ ತೊಂದರೆ.

ಪ್ಯಾಕಿಂಗ್ ಕೂಡ ಮುಖ್ಯ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಎರಡೂ ಕಡೆ ಮುಚ್ಚಳ ಹಾಕಿ, ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಟ್ಟು ನಡುವೆ ಮೆತ್ತನೆಯದು ತುಂಬಿ. ಅಲ್ಲಾಡಿಸಿದರೆ ಒಳಗೆ ಏನೂ ಸರಿಯಬಾರದು. ಕ್ಯಾಮೆರಾ ಕಳಿಸುವುದಾದರೆ ಬ್ಯಾಟರಿ, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿಗೆ ಬೆಂಕಿಯ ಭಯ ಇರುವುದರಿಂದ ವಿಮಾನದಲ್ಲಿ ಅದಕ್ಕೆ ನಿಯಮ ಬಿಗಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನನ್ನ ತಕರಾರು ಮುಗಿಯುವುದಿಲ್ಲ. ಬೆರಳುದ್ದದ ಒಂದು ಮೋಟಾರ್ ಇಲ್ಲ ಅಂತ ಇಡೀ ಲೆನ್ಸ್ ಯಾಕೆ ಸಮುದ್ರ ದಾಟಬೇಕು? ಆ ಮೋಟಾರೇ ಇಲ್ಲಿಗೆ ಬರಬಾರದೇ?

"ಲೆನ್ಸ್ ರಿಪೇರಿ ಅಂದ್ರೆ ಪಂಪ್‌ಸೆಟ್ ರಿಪೇರಿ ಅಲ್ಲ" ಅನ್ನುವವರಿದ್ದಾರೆ. ಮಾತು ನಿಜ. ಒಳಗಿನ ಗಾಜು ಕೂದಲೆಳೆಗಿಂತ ಕಡಿಮೆ ಸರಿದರೂ ಫೋಟೋದ ಒಂದು ಮೂಲೆ ಮಸುಕಾಗುತ್ತದೆ. ಬಿಚ್ಚಿ ಜೋಡಿಸಿದ ಮೇಲೆ ಸರಿಹೊಂದಿಸಲು ಬೇರೆ ಉಪಕರಣ ಬೇಕು, ಕಂಪನಿಯ ಸಾಫ್ಟ್‌ವೇರ್ ಬೇಕು. ಆದರೆ ಆ ಸಾಫ್ಟ್‌ವೇರ್, ಆ ಕೈಪಿಡಿ, ಆ ಬಿಡಿಭಾಗ ಹೊರಗಿನ ಮೆಕ್ಯಾನಿಕ್‌ಗೆ ಸಿಗದಂತೆ ಇಟ್ಟುಕೊಂಡವರು ಯಾರು? ಕಲಿಯಲು ದಾರಿಯನ್ನೇ ಕೊಡದೆ, ನಿಮಗೆ ಬರುವುದಿಲ್ಲ ಅಂದರೆ ಹೇಗೆ?

ನಮ್ಮ ಕಡೆಯವರಿಗೆ ಕೈಕೆಲಸ ಬರುವುದಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷೀನ್ ಕೆಟ್ಟರೆ ಗದ್ದೆಯಲ್ಲೇ ಬಿಚ್ಚಿ, ಸಂಜೆಯೊಳಗೆ ಓಡಿಸುವ ಹುಡುಗರು ನಮ್ಮ ಕ್ಯಾಂಪ್‌ಗಳಲ್ಲಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಎಡದಂಡೆ ಕಾಲುವೆ ನಂಬಿ ನಾಟಿ ಮಾಡಿದವರು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನ ನಡುವೆ ತಾತ್ಕಾಲಿಕ ಗೇಟ್ ಇಳಿಸಬೇಕಿತ್ತು. ಅನುಭವಿ ಎಂಜಿನಿಯರ್ ಕನ್ನಯ್ಯ ನಾಯ್ಡು ಮುಂದೆ ನಿಂತರು, ಗೇಟಿನ ಭಾಗಗಳು ಹತ್ತಿರದ ಕಾರ್ಖಾನೆಗಳಲ್ಲೇ ತಯಾರಾದವು, ಕಾರ್ಮಿಕರು ಜೀವ ಪಣಕ್ಕಿಟ್ಟು ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಡ್ಯಾಮಿನ ಗೇಟೂ ಲೆನ್ಸೂ ಒಂದೇ ಅಲ್ಲ, ಗೊತ್ತು. ಆದರೆ ತಿಳಿದವರು, ಅಳತೆ, ಸಾಮಾನು ಒಂದು ಕಡೆ ಸೇರಿದರೆ ಇಲ್ಲೇ ಕೆಲಸ ಆಗುತ್ತದೆ ಅನ್ನುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಸರ್ಕಾರಕ್ಕೂ ಈ ವಿಷಯ ಹೊಸದಲ್ಲ. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಅದಕ್ಕೊಂದು ವೆಬ್‌ಸೈಟ್ ಶುರುವಾಯಿತು. ಮೊದಲಿಗೆ ಆರಿಸಿಕೊಂಡದ್ದು ನಾಲ್ಕು ವಲಯ: ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆಯ ಬಾಳಿಕೆ ವಸ್ತುಗಳು, ವಾಹನಗಳು. ಟ್ರ್ಯಾಕ್ಟರ್ ಸೇರಿದ್ದು ಒಳ್ಳೆಯದೇ. ಆದರೆ ಕೈಪಿಡಿ, ಬಿಡಿಭಾಗ ಕೊಡಿ ಅಂತ ಕಂಪನಿಗಳನ್ನು ಕೇಳಿಕೊಳ್ಳುವುದು ಬೇರೆ, ಕೊಡಲೇಬೇಕು ಅಂತ ಕಾನೂನು ಮಾಡುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು. ಕ್ಯಾಮೆರಾ, ಲೆನ್ಸ್‌ನಂಥ ದುಡಿಮೆಯ ಸಾಮಾನಿನ ಹೆಸರೂ ಅದರಲ್ಲಿ ಬರಬೇಕು. ರೈತನಿಗೆ ಟ್ರ್ಯಾಕ್ಟರ್ ಹೇಗೋ ಸ್ಟುಡಿಯೋದವನಿಗೆ ಲೆನ್ಸ್ ಹಾಗೆ.

ನನ್ನ ಬೇಡಿಕೆ ಮೂರು. ವಸ್ತು ಎಲ್ಲೇ ಕೊಂಡಿರಲಿ, ದುಡ್ಡು ತೆಗೆದುಕೊಂಡಾದರೂ ಇಲ್ಲಿ ರಿಪೇರಿ ಮಾಡಿಕೊಡಬೇಕು. ವಾರಂಟಿ ಕೊಡದಿದ್ದರೆ ಬೇಡ, ಬಿಡಿಭಾಗ ತರಿಸಿಕೊಡಲಿ. ಎರಡನೆಯದು, ಮಾಡೆಲ್ ನಿಂತ ಮೇಲೂ ಎಷ್ಟು ವರ್ಷ ಬಿಡಿಭಾಗ ಸಿಗುತ್ತದೆ ಅಂತ ಡಬ್ಬಿಯ ಮೇಲೇ ಬರೆಯಬೇಕು. ಮೂರನೆಯದು, ಕ್ಯಾಮೆರಾ ರಿಪೇರಿಯನ್ನೂ ನಮ್ಮ ಐಟಿಐಗಳಲ್ಲಿ ಒಂದು ಸಣ್ಣ ಕೋರ್ಸ್ ಆಗಿ ಕಲಿಸಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಕೊಳ್ಳುವ ಮೊದಲು, ಇದು ಕೆಟ್ಟರೆ ಎಲ್ಲಿ ರಿಪೇರಿ ಅಂತ ಕೇಳಿ. ಭತ್ತದ ಸೀಮೆಯ ತೇವಕ್ಕೆ ಲೆನ್ಸಿನಲ್ಲಿ ಬೂಜು ಬೆಳೆಯುತ್ತದೆ, ರೈಸ್‌ಮಿಲ್ ಧೂಳು ಒಳಗೆ ಸೇರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಸರ್ವಿಸ್ ಸೆಂಟರ್‌ನವರು ಆಗಲ್ಲ ಅಂದರೆ, "ಯಾಕೆ ಆಗಲ್ಲ ಅಂತ ಬರೆದುಕೊಡಿ" ಅನ್ನಿ. ಆ ಕಾಗದ ಹಿಡಿದು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಆಗದಿದ್ದರೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಅಣ್ಣನಿಗೆ ಅವತ್ತು ಆ ಕಾಗದ ಕೇಳಬೇಕು ಅಂತ ಗೊತ್ತಿರಲಿಲ್ಲ. ನಿಮಗೆ ಈಗ ಗೊತ್ತಾಗಿದೆ. ನಿಮ್ಮೂರಿನ ಸ್ಟುಡಿಯೋದವರಿಗೂ ಇದನ್ನು ಕಳಿಸಿ.