ಮನೆಯ ಆರೋಗ್ಯ: ಗುಳಿಗೆಯ ಲೆಕ್ಕ

ರಜೆ ಬಂತೆಂದರೆ ಪುಣೆಯ ಕನ್ನಡಿಗರು ಊರಿಗೆ ಹೊರಡುವರು. ಬಾಕರವಡಿಯ ಪೊಟ್ಟಣ ನೆನಪಿನಿಂದ ಚೀಲ ಸೇರುವದು. ಮನೋರೋಗದ ವೈದ್ಯರು ಬರೆದ ಚೀಟಿ ಮಾತ್ರ ಎಷ್ಟೋ ಮನೆಗಳಲ್ಲಿ ಕಪಾಟಿನಲ್ಲೇ ಉಳಿಯುವದು. ಧಾರವಾಡದಲ್ಲೋ ವಿಜಯಪುರದಲ್ಲೋ ಗುಳಿಗೆ ತೀರಿದಾಗ ಔಷಧದಂಗಡಿಯವರು “ಚೀಟಿ ತರ್ರಿ” ಎನ್ನುವರು.

ಅವರ ಮೇಲೆ ಸಿಟ್ಟಾಗಿ ಫಲವಿಲ್ಲ. ಆಲ್ಪ್ರಾಜೋಲಾಮ್, ಡಯಾಜೆಪಾಮ್ ಮೊದಲಾದವು 2014ರ ಮಾರ್ಚಿನಲ್ಲಿ ಜಾರಿಗೆ ಬಂದ ಎಚ್-1 ಪಟ್ಟಿಯಲ್ಲಿವೆ. ಇವನ್ನು ಮಾರುವವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ವಹಿಯಲ್ಲಿ ಬರೆದು 3 ವರ್ಷ ಕಾದಿಡಬೇಕು.

ಈ ಕಟ್ಟುನಿಟ್ಟನ್ನು ಕಂಡು ಕೆಲವರು, “ಇದು ಚಟದ ಔಷಧವಂತೆ” ಎಂದು ಹೆದರಿ ತಾವೇ ನಿಲ್ಲಿಸಿಬಿಡುವರು. ಅಪಾಯವಿರುವದು ಇಲ್ಲಿಯೇ. ಬಹುದಿನ ನುಂಗಿದ ಇಂಥ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುವದು, ಕೈ ನಡುಗುವದು, ಒಮ್ಮೊಮ್ಮೆ ಫಿಟ್ಸೂ ಬರಬಹುದು. ಬಿಡುವದಿದ್ದರೆ ವೈದ್ಯರ ಮಾತಿನಂತೆ ಸ್ವಲ್ಪಸ್ವಲ್ಪವಾಗಿಯೇ ಇಳಿಸಬೇಕು. ಮನೋರೋಗದ ಎಲ್ಲ ಗುಳಿಗೆಗಳೂ ಚಟ ಹತ್ತಿಸುವವಲ್ಲ. ಖಿನ್ನತೆಯ ಗುಳಿಗೆಯ ಗುಣ ಕಾಣಲು ಕೆಲವು ವಾರಗಳೇ ಬೇಕು. ಹಗುರೆನಿಸಿತೆಂದು ಬಿಟ್ಟರೆ ರೋಗ ಮರಳೀತು.

ಸಕ್ಕರೆ ರೋಗದ ಗುಳಿಗೆಯನ್ನು ನಾಲ್ವರೆದುರು ನುಂಗುವ ನಾವು ಮನಸ್ಸಿನ ಗುಳಿಗೆಯನ್ನೇಕೆ ಅಡಗಿಸಬೇಕು? ಕನ್ಯೆ ನೋಡಲು ಬರುವವರಿಗೆ ತಿಳಿದೀತೆಂದು ಮಗಳ ಔಷಧವನ್ನೇ ನಿಲ್ಲಿಸುವ ಮನೆಗಳುಂಟು. ಮಾನ ಉಳಿಸಹೋಗಿ ಮಗಳನ್ನೇ ಸಂಕಟಕ್ಕೆ ದೂಡಿದಂತಾಗುವದು. ದೀರ್ಘ ಕಾಯಿಲೆಯವರಲ್ಲಿ ಔಷಧವನ್ನು ಸರಿಯಾಗಿ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲಿಯೂ ಸುಮಾರು ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೇಳಿದೆ. ಆದುದರಿಂದ ರೋಗಿಯನ್ನು ಬಯ್ಯುವದಕ್ಕಿಂತ ಜತೆಗಿರುವದು ಲೇಸು.

ಮನೆಯವರಲ್ಲೊಬ್ಬರು ಗುಳಿಗೆಯ ಜವಾಬುದಾರಿ ಹೊರಲಿ. ರವಿವಾರಕ್ಕೊಮ್ಮೆ ರೋಗಿಯೊಡನೆ ಕುಳಿತು ಎಣಿಸಿದರೆ ತಪ್ಪಿದ್ದೂ ಹೆಚ್ಚಾದದ್ದೂ ತಿಳಿಯುವದು. ಒಂದು ಹೊತ್ತು ಮರೆತರೆಂದು ಮುಂದಿನ ಹೊತ್ತಿಗೆ ಎರಡು ಕೊಡಬಾರದು. ನಿದ್ದೆ ಬಾರದೆಂಬ ನೆರೆಯವರಿಗೆ ನಮ್ಮ ಗುಳಿಗೆಯನ್ನು ದಾನ ಮಾಡಬಾರದು. ಊರಿಂದ ಬಂದ ತಾಯಿಗೆ ಮರಾಠಿ ಬಾರದಿದ್ದರೆ, ಅವರ ಮಾತನ್ನು ವೈದ್ಯರಿಗೆ ತಿಳಿಸಬಲ್ಲವರು ಸಂಗಡ ಹೋಗಲಿ. ಪ್ರಯಾಣಕ್ಕೆ ವಾರದ ಮೊದಲೇ ವೈದ್ಯರನ್ನು ಕಂಡು, ಮೂಲ ಚೀಟಿಯನ್ನು ಜತೆಗೊಯ್ಯಲಿ.

ಖರ್ಚಿಗೆ ಅಂಜಿ ಔಷಧ ಬಿಡುವವರು ತಿಳಿದಿರಲಿ: ಅವಶ್ಯಕ ಪಟ್ಟಿಯ ಔಷಧಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಧಿಸಿದೆ. ನಮ್ಮ ಯರವಡಾದಲ್ಲಿ ಸರಕಾರದ ಮನೋರೋಗ ಆಸ್ಪತ್ರೆಯೇ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಸಲಹೆ ಕೇಳಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಮನೆಯ ಜಮಾಖರ್ಚನ್ನು ಪೈಸೆ ತಪ್ಪದಂತೆ ಬರೆಯುವ ನಮಗೆ ಈ ಲೆಕ್ಕ ಭಾರವಾಗಲಾರದು.