ಎಡಗಡೆ ಸೀಟಿನ ಕೆಲಸ

ಬೆಂಗಳೂರಿನಲ್ಲಿ ಗಾಡಿಯ ಎಡಗಡೆ ಸೀಟಲ್ಲಿ ಕೂತವರಿಗೆ ಎರಡೇ ಕೆಲಸ. ಹಾಡು ಬದಲಾಯಿಸೋದು, ಮ್ಯಾಪ್ ನೋಡಿ ‘ಮುಂದೆ ಲೆಫ್ಟ್’ ಅನ್ನೋದು. ಸಕಲೇಶಪುರ ದಾಟಿ, ವಣಗೂರು ಕೂಡುರಸ್ತೆಯಿಂದ ಬಿಸಿಲೆ ಕಡೆ ಹೊರಟ ಮೇಲೆ ಅದು ಕ್ಲೀನರ್ ಸೀಟು. ಹಾಡು ಬಂದ್. ಕಿಟಕಿ ಗಾಜು ಪೂರ್ತಿ ಕೆಳಗೆ, ಮಳೆ ಒಳಗೆ ಬಂದರೂ ಸರಿ. ಎಡ ಚಕ್ರಕ್ಕೂ ರಸ್ತೆ ಅಂಚಿಗೂ ಎಷ್ಟು ಜಾಗ ಉಳಿದಿದೆ ಅನ್ನೋದು ಡ್ರೈವರ್‌ಗೆ ಕಾಣಲ್ಲ, ಪಕ್ಕದವನಿಗೆ ಕಾಣುತ್ತೆ. ಅವನು ‘ಸಾಕು’ ಅಂದ ಕೂಡಲೇ ಕಾಲು ಬ್ರೇಕ್ ಮೇಲಿರಬೇಕು. ಯಾಕೆ ಅಂತ ಆಮೇಲೆ ಕೇಳಬಹುದು.

ವರ್ಷಕ್ಕೆ ಎರಡು ಸಲ ನಾನು, ನನ್ನ ಕಾಲೇಜು ಗೆಳೆಯ ಈ ಕಡೆಯ ಘಾಟಿ ದಾರಿ, ತೋಟದ ದಾರಿಗಳನ್ನು ಸುತ್ತುತ್ತೇವೆ. ಅವನು ಓದು ಮುಗಿಸಿ ಊರಿಗೆ ವಾಪಸ್ ಹೋಗಿ ಕಾಫಿ ತೋಟ ನೋಡಿಕೊಂಡವನು. ನಾನು ಲ್ಯಾಪ್‌ಟಾಪ್ ನೋಡಿಕೊಂಡವನು. ಗಾಡಿ ಅವನ ಪಿಕಪ್. ಫೋರ್ ವೀಲ್ ಡ್ರೈವ್ ಅಲ್ಲ, ಛಾವಣಿ ಮೇಲೆ ಲೈಟಿನ ಸಾಲಿಲ್ಲ. ವಾರವಿಡೀ ಗೊಬ್ಬರ, ಕಾಫಿ ಮೂಟೆ ಹೊತ್ತು ಭಾನುವಾರ ನಮ್ಮನ್ನು ಹೊರುತ್ತೆ.

ಹೊರಡುವ ಮುಂಚೆ ಅವನು ಹಿಂದಕ್ಕೆ ನಾಲ್ಕು ಮೂಟೆ ಮರಳು ಎಸೆಯುತ್ತಾನೆ. ಖಾಲಿ ಪಿಕಪ್ಪಿನಲ್ಲಿ ಎಂಜಿನ್ ಭಾರವೆಲ್ಲ ಮುಂದೆ, ಗಾಡಿ ತಳ್ಳುವ ಚಕ್ರ ಹಿಂದೆ. ಹಿಂಬದಿ ಹಗುರ ಇದ್ದರೆ ಕೆಸರಿನ ಏರಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತೆ, ಗಾಡಿ ಇದ್ದಲ್ಲೇ ಇರುತ್ತೆ. ಮಳೆ ಜೋರಿದ್ದರೆ ಸೀಟಿನ ಹಿಂದಿನಿಂದ ಚೈನ್ ಹೊರಗೆ ಬರುತ್ತೆ. ಮಲೆನಾಡಿನ ಹಳೇ ಜೀಪುಗಳ ಚಕ್ರಕ್ಕೆ ಮಳೆಗಾಲದಲ್ಲಿ ಸುತ್ತಿರುತ್ತಾರಲ್ಲ, ಅದೇ ಕಬ್ಬಿಣದ ಚೈನ್. ಇಷ್ಟೇ ನಮ್ಮ ‘ಆಫ್‌ರೋಡ್ ಕಿಟ್’. ಇದರ ಫೋಟೊ ಹಾಕಿದರೆ ಇನ್‌ಸ್ಟಾದಲ್ಲಿ ಯಾರೂ ಲೈಕ್ ಒತ್ತಲ್ಲ.

ಬಿಸಿಲೆಯಿಂದ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಾಟಿ ದಟ್ಟ ಕಾಡಿನದು. ವ್ಯೂ ಪಾಯಿಂಟಿನಲ್ಲಿ ಮಂಜು ಸರಿದರೆ ಎದುರಿಗೆ 1,712 ಮೀಟರಿನ ಪುಷ್ಪಗಿರಿ. ಸರಿಯದಿದ್ದರೆ ಎದುರಿಗೆ ಬಿಳಿ ಗೋಡೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಆ ಗೋಡೆ ಇನ್ನೂ ಹತ್ತಿರ ಬರುತ್ತೆ, ಲೋ ಬೀಮೇ ಗತಿ. ಇಳಿಜಾರಿಗೆ ಊರಿನವರ ಲೆಕ್ಕ ಸರಳ: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಬರೀ ಬ್ರೇಕ್ ಒತ್ತಿಕೊಂಡು ಇಳಿದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತೆ, ಆಮೇಲೆ ಒತ್ತಿದರೂ ಹಿಡಿಯಲ್ಲ. ಕಿರಿದಾದ ಕಡೆ ಎದುರು ಗಾಡಿ ಬಂದರೆ ಹತ್ತುವವರಿಗೆ ಮೊದಲ ದಾರಿ. ಇದು ಬರೀ ಮರ್ಯಾದೆ ಅಲ್ಲ, ಮೋಟಾರು ವಾಹನ ನಿಯಮದಲ್ಲೇ ಇದೆ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸೋದು ಕಷ್ಟ. ಅದಕ್ಕೆ ಊರಿನವರು ಒಂದು ತಿದ್ದುಪಡಿ ಸೇರಿಸಿಕೊಂಡಿದ್ದಾರೆ: ಬಸ್ಸು ಯಾವ ಕಡೆಯಿಂದ ಬಂದರೂ ಬಸ್ಸಿಗೇ ದಾರಿ.

ಬಿಸಿಲೆ ಹತ್ತಿರ ಬ್ರಿಟಿಷರ ಕಾಲದ್ದೆನ್ನುವ ಒಂದು ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಬಂಗಾಳಕೊಲ್ಲಿಗೆ, ಇನ್ನೊಂದು ಬದಿಗೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. ಒಂದು ಹೇಮಾವತಿ ಸೇರಿ ಕಾವೇರಿಯಾಗುತ್ತೆ, ಇನ್ನೊಂದು ಕುಮಾರಧಾರೆ ಸೇರಿ ನೇತ್ರಾವತಿಯಾಗುತ್ತೆ. ಎಲ್ಲರೂ ಅಲ್ಲಿ ಸೆಲ್ಫಿ ತಗೊಳ್ತಾರೆ. ನನ್ನ ಗೆಳೆಯನಿಗೆ ಅದು ಡ್ರೈವಿಂಗ್ ಪಾಠ. ಗುಡ್ಡದ ನೆತ್ತಿ ಮೇಲಿನ ದಾರಿಯಲ್ಲಿ ನೀರು ಎರಡೂ ಕಡೆ ಇಳಿದು ಹೋಗುತ್ತೆ, ನೆಲ ಗಟ್ಟಿ ಇರುತ್ತೆ. ದಾರಿ ಹಳ್ಳದ ಕಡೆ ವಾಲಿತು ಅಂದರೆ ಇಳಿದು ನಡೆದು ನೋಡಬೇಕು. ಮ್ಯಾಪಿಗೆ ನೆತ್ತಿ ಯಾವುದು, ಹಳ್ಳ ಯಾವುದು ಗೊತ್ತಿಲ್ಲ. ಎರಡೂ ಅದಕ್ಕೆ ಒಂದೇ ಬಿಳಿ ಗೆರೆ.

ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಅಂಥದ್ದೇ ಒಂದು ಬಿಳಿ ಗೆರೆ ಹಿಡಿದು ಹೋಗಿದ್ದೆವು. ಅವನ ಪರಿಚಯದವರ ತೋಟದ ದಾರಿ, ಫೋನ್ ಮಾಡಿ ಕೇಳಿಯೇ ನುಗ್ಗಿದ್ದು. ಸ್ಟೀರಿಂಗ್ ನನ್ನ ಕೈಲಿತ್ತು. ಮೂರು ಕಿಲೋಮೀಟರ್ ಹೋದರೆ ಆ ಕಡೆ ಡಾಂಬರು ರಸ್ತೆ. ಎರಡು ಮುಗಿದಿತ್ತು. ಅಲ್ಲೊಂದು ಮೋರಿ. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ, ಗಾಡಿ ಅಗಲಕ್ಕಿಂತ ಎರಡೂ ಕಡೆ ಒಂದೊಂದು ಗೇಣು ಜಾಸ್ತಿನೇ ಇತ್ತು.

ಅವನು ಪ್ಯಾಂಟ್ ಮಡಚಿ ಹಳ್ಳಕ್ಕಿಳಿದ. ಉಂಬಳಗಳಿಗೆ ಹಬ್ಬ. ಕೋಲಿನಿಂದ ಕೆಳಗೆ ತಿವಿದು ನೋಡಿ ಮೇಲೆ ಬಂದ.

‘ಆಗಲ್ಲ ಮಾರಾಯ.’

‘ಜಾಗ ಇದೆಯಲ್ಲೋ.’

‘ಜಾಗ ಇದೆ. ಅಡಿಗೆ ಮಣ್ಣಿಲ್ಲ.’

ನೀರು ಪೈಪು ಬಿಟ್ಟು ಪಕ್ಕದಲ್ಲಿ ಕೊರೆದುಕೊಂಡು ಹೋಗಿತ್ತು. ಮೇಲೆ ಉಳಿದಿದ್ದು ಹುಲ್ಲು ಹೊದ್ದ ಒಂದು ಪದರ. ಗಂಟೆ ನಾಲ್ಕೂವರೆ. ಕತ್ತಲಾದರೆ ಈ ಕಡೆ ಆನೆಗಳ ಓಡಾಟ, ಫೋನಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇಲ್ಲ, ತಿರುಗಿಸೋಕೆ ಜಾಗ ಇಲ್ಲ. ಗಾಡಿ ಮೋರಿಗೆ ಬಿದ್ದರೆ ನನಗೆ ಹೋಗೋದು ಒಂದು ಸೋಮವಾರದ ರಜೆ. ಅವನಿಗೆ ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರು, ಅಷ್ಟೂ ಮೂಟೆ ಸಾಗಬೇಕಾದದ್ದು ಇದೇ ಪಿಕಪ್ಪಿನಲ್ಲಿ, ಇದರ ಸಾಲದ ಕಂತು ಇನ್ನೂ ಮುಗಿದಿಲ್ಲ. ಅವನು ಇದ್ಯಾವುದನ್ನೂ ಹೇಳಲಿಲ್ಲ. ಹಿಂದೆ ಹೋಗಿ ನಿಂತು ಕೈ ಎತ್ತಿದ.

ಅರ್ಧ ಕಿಲೋಮೀಟರ್ ರಿವರ್ಸ್. ನಮ್ಮಲ್ಲಿ ಒಂದು ಕರಾರಿದೆ: ಕನ್ನಡಿಯಲ್ಲಿ ಅವನ ಕೈ ಕಾಣದಿದ್ದರೆ ಗಾಡಿ ನಿಲ್ಲಬೇಕು. ದನಿ ಕೇಳಿದರೆ ಸಾಲದು, ಎಂಜಿನ್ ಸದ್ದಿನಲ್ಲಿ ‘ಬಾ’ ಯಾವುದು ‘ಬೇಡ’ ಯಾವುದು ಗೊತ್ತಾಗಲ್ಲ. ಅವನು ಹಿಂದಕ್ಕೆ ನಡೆಯುತ್ತಾ, ಕೈ ಆಡಿಸುತ್ತಾ, ನಡುವೆ ಕಾಲಿನ ಉಂಬಳ ಕಿತ್ತು ಎಸೆಯುತ್ತಾ. ನಾನು ಕ್ಲಚ್ಚಿನ ಮೇಲೆ ಕಾಲಿಟ್ಟು, ಕನ್ನಡಿಯಲ್ಲಿ ಅವನ ಬಲಗೈ ಒಂದನ್ನೇ ನೋಡುತ್ತಾ. ನಲವತ್ತು ನಿಮಿಷ ಹಿಡಿಯಿತು. ಇಷ್ಟು ಹೊತ್ತು ಇನ್ನೊಬ್ಬರು ಹೇಳಿದ್ದನ್ನು ಪ್ರಶ್ನೆ ಕೇಳದೆ ಮಾಡಿದ್ದು ಆಫೀಸಿನಲ್ಲಂತೂ ನನಗೆ ನೆನಪಿಲ್ಲ.

ಬೇಸಿಗೆಯಲ್ಲಿ ದೊಡ್ಡ ದೊಡ್ಡ ಗಾಡಿಗಳು ಸಾಲಾಗಿ ಬಂದು ರೀಲ್ಸಿಗೋಸ್ಕರ ಹಳ್ಳದೊಳಗೆ ಓಡಾಡೋದನ್ನು ನೋಡಿದ್ದೇನೆ. ಆ ಹಳ್ಳದ ನೀರನ್ನೇ ಕೆಳಗಿನ ಲೈನ್ ಮನೆಯವರು ಕುಡಿಯೋದು. ತೋಟದ ಗೇಟು ತೆರೆದಿದ್ದ ಮಾತ್ರಕ್ಕೆ ದಾರಿ ಎಲ್ಲರದೂ ಆಗಲ್ಲ, ಮೀಸಲು ಅರಣ್ಯದಲ್ಲಿ ರಸ್ತೆ ಬಿಟ್ಟು ಇಳಿದರೆ ಕೇಸು ಬೀಳುತ್ತೆ. ಹೋಗೋದಾದರೆ ಯಾರನ್ನಾದರೂ ಕೇಳಿ ಹೋಗಿ. ಸಾಧ್ಯವಾದರೆ ಆ ಊರಲ್ಲೇ ಬೆಳೆದವರನ್ನು ಎಡಗಡೆ ಕೂರಿಸಿಕೊಂಡು ಹೋಗಿ. ಗಾಡಿ ಯಾವುದು ಅನ್ನೋದು ಆಮೇಲಿನ ಮಾತು.

ಹೋದ ವಾರ ಅವನು ಒಂದು ಫೋಟೊ ಕಳಿಸಿದ್ದ. ಅದೇ ಮೋರಿ, ಹೊಸ ಸಿಮೆಂಟ್ ಪೈಪು, ಮೇಲೆ ಹಸಿ ಮಣ್ಣು. ಕೆಳಗೆ ಒಂದೇ ಸಾಲು: ‘ಕೊಯ್ಲು ಮುಗೀಲಿ, ಫೆಬ್ರವರೀಲಿ ಬಾ. ಈ ಸಲ ಸ್ಟೀರಿಂಗ್ ನಂದು, ಹಳ್ಳಕ್ಕೆ ಇಳಿಯೋದು ನೀನು.’